ಅಕ್ಕೋಳದ ಹೊಳೆ ಮತ್ತು ಎರಡು ಕಿಟಕಿಯ ಕ್ಯಾಮೆರಾ

ಬೆಳಗಾವಿ ಜಿಲ್ಲೆಯ ವಾಯವ್ಯ ಅಂಚಿನಲ್ಲಿ, ಕೊಲ್ಲಾಪುರ ಸೀಮೆಗೆ ಹೆಗಲು ತಾಗಿಸಿಕೊಂಡು ಅಕ್ಕೋಳವೆಂಬ ದೊಡ್ಡ ಗ್ರಾಮವಿದೆ. ಬಹುಕಾಲ ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ನಿಪ್ಪಾಣಿ ತಾಲ್ಲೂಕಿಗೆ ಸೇರಿದೆ. 1956ರ ನವೆಂಬರ 1ರ ವರೆಗೆ ಮುಂಬಯಿ ರಾಜ್ಯದ ಆಡಳಿತದಲ್ಲಿದ್ದ ನೆಲವಿದು. ಗಡಿಯ ಊರಾದ್ದರಿಂದ ಇಲ್ಲಿಯ ಹಿರಿಯರ ನಾಲಗೆಯ ಮೇಲೆ ಕನ್ನಡವೂ ಮರಾಠಿಯೂ ಒಂದೇ ಸರಾಗದಿಂದ ಆಡುತ್ತವೆ. ಕಪ್ಪು ಮಣ್ಣಿನ ಹೊಲ, ಹೊಳೆಯ ಬದಿಗೆ ಕಬ್ಬು, ಮೇಲಣ ಜಮೀನಿಗೆ ತಂಬಾಕು ಮತ್ತು ಸೋಯಾಬೀನು. ನಿಪ್ಪಾಣಿ ಪೇಟೆಯ ತಂಬಾಕಿನ ವಖಾರಗಳ ಬದಿಗೆ ಹಾಯ್ದವರ ಮೂಗಿಗೆ ಬಡಿಯುವ ಘಾಟು ಈ ಭಾಗದ ಹಳ್ಳಿಗಳ ಪಡಸಾಲೆಯಲ್ಲಿಯೂ ಸುಗ್ಗಿಯ ದಿನಗಳಲ್ಲಿ ನೆಲೆಸಿರುತ್ತದೆ.

ಊರಿನ ಬದುಕನ್ನು ಆಳುವುದು ಮಾತ್ರ ವೇದಗಂಗಾ ನದಿ. ಕೊಲ್ಲಾಪುರ ಜಿಲ್ಲೆಯ ಭುದರಗಡ ತಾಲ್ಲೂಕಿನ ಸಹ್ಯಾದ್ರಿಯ ಕಣಿವೆಗಳಿಂದ ಇಳಿದು, ಪಾಟಗಾಂವ ಜಲಾಶಯವನ್ನು ತುಂಬಿ, ನಮ್ಮ ಸೀಮೆಯ ಹೊಲಗಳ ನಡುವೆ ಬಳಸಿ ಹರಿದು, ದೂಧಗಂಗೆಯನ್ನು ಸೇರಿ ಅದರೊಡನೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಯಡೂರಿನ ವೀರಭದ್ರ ದೇವರ ದರ್ಶನಕ್ಕೆ ಹೋಗಿಬಂದ ಭಕ್ತರು ಆ ಸಂಗಮದ ಸೀಮೆಯನ್ನು ಬಲ್ಲರು. ಬೇಸಿಗೆಯಲ್ಲಿ ಮೊಣಕಾಲುದ್ದದ ಈ ಹೊಳೆ ಆಷಾಢ ಶ್ರಾವಣಗಳಲ್ಲಿ ಗುರುತು ಸಿಗದಂತೆ ಬದಲಾಗುತ್ತದೆ. ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ, ಭೋಜವಾಡಿ–ಕುನ್ನೂರ ಎಂಬ ಜೋಡಿ ಹೆಸರುಗಳನ್ನು ಮಳೆಗಾಲದ ದಿನಪತ್ರಿಕೆಗಳಲ್ಲಿ ಓದದ ವಾಚಕರು ಈ ಭಾಗದಲ್ಲಿ ವಿರಳ. ಅವೆಲ್ಲವೂ ನೀರಿನಲ್ಲಿ ಮುಳುಗುವ ಸೇತುವೆಗಳ ಹೆಸರು. ಸೇತುವೆ ಮುಳುಗಿದ ದಿನ ಎದುರು ದಂಡೆಯ ಬೇವಿನ ಮರ ಕಣ್ಣಿಗೆ ಕಾಣುತ್ತದೆ, ಅದರ ಕೆಳಗೆ ನಿಂತು ಕೈಬೀಸುವ ಬಂಧುಗಳೂ ಕಾಣುತ್ತಾರೆ. ಆದರೆ ಅವರನ್ನು ಮುಟ್ಟಬೇಕಾದರೆ ಹಲವು ಊರು ಸುತ್ತಿ ಹೋಗಬೇಕು. 2019ರ ಆಗಸ್ಟಿನಲ್ಲಿ ಮತ್ತು 2021ರ ಜುಲೈಯಲ್ಲಿ ಆ ಸುತ್ತುದಾರಿಯೂ ಇರಲಿಲ್ಲ. ಯಮಗರ್ಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ವೇದಗಂಗೆ ಹರಿದಿತ್ತು.

ನನ್ನ ಅಕ್ಕನನ್ನು ಕೊಟ್ಟಿರುವುದು ಹೊಳೆಯ ಆಚೆಯ ಊರಿಗೆ. ಅವಳ ಅತ್ತೆಯವರನ್ನು ನಾವೆಲ್ಲರೂ ಆಯಿ ಎಂದೇ ಕರೆಯುತ್ತೇವೆ. ತಗ್ಗಿನ ಓಣಿಯಲ್ಲಿದ್ದ ಅವರ ಮನೆ ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಸಾಗವಾನಿ ತೊಲೆಗಳ ಹಳೆಯ ಕಟ್ಟಡ. 2019ರಲ್ಲಿ ನೀರು ದೇವರ ಜಗಲಿಯನ್ನು ದಾಟಿತು. ಗೋಡೆಗಳು ಹೇಗೋ ನಿಂತವು. ಗೋಡೆಯ ಮೇಲಿನ ಭಾವಚಿತ್ರಗಳು ನಿಲ್ಲಲಿಲ್ಲ. ಆಯಿಯವರ ಯಜಮಾನರು ಹಳದಿ ರುಮಾಲು ಸುತ್ತಿ ಕುರ್ಚಿಯ ಮೇಲೆ ಕುಳಿತ ಚಿತ್ರ, ಮಕ್ಕಳ ಲಗ್ನದ ಚಿತ್ರಗಳು, ಎಲ್ಲವೂ ಗಾಜಿಗೆ ಅಂಟಿ ಕೆಸರಿನ ಬಣ್ಣವಾದವು. ಎರಡು ವರ್ಷದ ನಂತರ ಮತ್ತೆ ನೀರು ಹೊಸ್ತಿಲಿಗೆ ಬಂದಾಗ ಮನೆಯವರು ಗಟ್ಟಿ ನಿರ್ಧಾರ ಮಾಡಿದರು. 2022ರ ಬಸವ ಜಯಂತಿಯನ್ನು ಹಳೆಯ ಮನೆಯಲ್ಲಿಯೇ ಆಚರಿಸಿ, ಮುಂದಿನ ವಾರವೇ ಅದನ್ನು ಇಳಿಸಿ, ತೊಲೆ ಬಾಗಿಲುಗಳನ್ನು ಎತ್ತರದ ಜಾಗದ ಹೊಸ ಮನೆಗೆ ಒಯ್ಯುವುದೆಂದು ಗೊತ್ತಾಯಿತು. ಆಗ ಆಯಿಯವರು ನನಗೆ ಹೇಳಿದ ಮಾತು ಇಷ್ಟೇ: "ತಮ್ಮಾ, ಮನಿ ಹೋಗವಲ್ದ್ಯಾಕ. ಮನಿ ಹ್ಯಾಂಗ ಇತ್ತು ಅನ್ನೂದರ ಉಳೀಲಿ."

ಇಂದಿನ ಕಾಲದಲ್ಲಿ ಪ್ರತಿಯೊಬ್ಬರ ಕಿಸೆಯಲ್ಲಿಯೂ ಮೊಬೈಲಿದೆ. ಮನೆಯ ತರುಣರು ನೂರಾರು ಚಿತ್ರ ತೆಗೆದಿದ್ದರು ಕೂಡ. ಆದರೆ ಪ್ರವಾಹದಲ್ಲಿ ನೀರು ಹೊಕ್ಕು ಕೆಟ್ಟ ಮೊಬೈಲಿನೊಡನೆ ಅವೂ ಹೋಗಿದ್ದವು. ಉಳಿದದ್ದು ಯಾವುದು ಗೊತ್ತೇ? ತಗಡಿನ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಹಾಳೆಯ ಮಡಿಕೆಯಲ್ಲಿದ್ದ ಲಗ್ನದ ನೆಗೆಟಿವ್‌ಗಳು. ಕೆಸರು ನೀರಿನಲ್ಲಿ ನೆನೆದಿದ್ದ ಅವನ್ನು ಒಣಗಗೊಡದೆ, ಒಡನೆಯೇ ಶುದ್ಧವಾದ ತಣ್ಣೀರಿನಲ್ಲಿ ಜಾಲಿಸಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಚಿಮಟಿಗೆಯಿಂದ ತೂಗುಹಾಕಿ ನೆರಳಿನಲ್ಲಿ ಆರಿಸಿದ್ದರು. ಕಾಗದ ಅಳಿಯಿತು, ಫಿಲ್ಮು ಉಳಿಯಿತು. ಈ ಒಂದು ಸಂಗತಿಯೇ ಹಳೆಯ ಮನೆಯನ್ನು ಫಿಲ್ಮಿನ ಮೇಲೆಯೇ ಇಳಿಸಬೇಕೆಂಬ ಹಂಬಲವನ್ನು ನನ್ನಲ್ಲಿ ಹುಟ್ಟಿಸಿತು.

ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಕರವೀರ ನಿವಾಸಿನಿ ಮಹಾಲಕ್ಷ್ಮಿಯ ಕ್ಷೇತ್ರವೆಂದೂ ಬೆಲ್ಲದ ಪೇಟೆಯೆಂದೂ ನಾವು ಬಲ್ಲ ಆ ನಗರಕ್ಕೆ ಕ್ಯಾಮೆರಾದ ಇತಿಹಾಸದಲ್ಲಿಯೂ ಹಿರಿದಾದ ಸ್ಥಾನವಿದೆ. ವಿದೇಶದಿಂದ ತರಿಸಿದ ಯಂತ್ರವಿಲ್ಲದೆ ಚಲನಚಿತ್ರವಿಲ್ಲವೆಂದು ಜನ ನಂಬಿದ್ದ ಕಾಲದಲ್ಲಿ ಕೊಲ್ಲಾಪುರದ ಕಲಾವಿದ ಬಾಬೂರಾವ್ ಪೇಂಟರರು ತಮ್ಮ ಸಂಗಡಿಗರೊಡನೆ ಚಲನಚಿತ್ರದ ಕ್ಯಾಮೆರಾವನ್ನು ತಾವೇ ನಿರ್ಮಿಸಿಕೊಂಡರು. ಅವರ 'ಸೈರಂಧ್ರಿ' 1920ರಲ್ಲಿ ತೆರೆಕಂಡಿತು. ಅವರ ಶಿಷ್ಯವರ್ಗದವರು ಸೇರಿ 1929ರಲ್ಲಿ ಅದೇ ಊರಿನಲ್ಲಿ ಪ್ರಭಾತ ಫಿಲ್ಮ್ ಕಂಪನಿಯನ್ನು ಕಟ್ಟಿದರು. ಕ್ಯಾಮೆರಾದ ಸ್ಮಾರಕವನ್ನೇ ನಿಲ್ಲಿಸಿ ಗೌರವಿಸಿದ ಊರು ಕೊಲ್ಲಾಪುರ. ಅಂಥ ಊರಿನ ಒಂದು ಇಕ್ಕಟ್ಟಾದ ಓಣಿಯಲ್ಲಿ, ಹಳೆಯ ಗಡಿಯಾರ ಹಾಗೂ ರೇಡಿಯೋಗಳ ನಡುವೆ, ಚರ್ಮದ ಕವಚದಲ್ಲಿದ್ದ ಯಾಶಿಕಾ ಎಲೆಕ್ಟ್ರೋ 35 ಎಂಬ ಜಪಾನಿ ಕ್ಯಾಮೆರಾ ನನ್ನ ಕೈಗೆ ಬಂದಿತು. ಕೊಲ್ಲಿ ದೇಶಕ್ಕೆ ದುಡಿಯಲು ಹೋದವರೊಬ್ಬರು ಬಹಳ ಹಿಂದೆ ತಂದದ್ದೆಂದು ಅಂಗಡಿಯವರು ಹೇಳಿದರು.

ಈ ಮಾಲಿಕೆಯ ಮೊದಲ ಕ್ಯಾಮೆರಾ 1966ರಲ್ಲಿ ಹೊರಬಂದಿತು. ನನ್ನ ಪಾಲಿಗೆ ಬಂದದ್ದು 1973ರಲ್ಲಿ ಬಿಡುಗಡೆಯಾದ ಜಿ.ಎಸ್.ಎನ್. ಎಂಬ ಮಾದರಿ. ಹಿಡಿದರೆ ಮುಕ್ಕಾಲು ಕಿಲೋಗ್ರಾಮಿನಷ್ಟು ಭಾರ. 45 ಮಿಲಿಮೀಟರಿನ ಲೆನ್ಸು ಮೈಗೆ ಬೆಸೆದೇ ಇರುವುದರಿಂದ ಅದನ್ನು ಬದಲಿಸುವ ಮಾತಿಲ್ಲ. ಅದರ ಬೆಳಕಿನ ಕಿಂಡಿ 1.7 ಎಂಬ ಅಂಕೆಯ ವರೆಗೆ ಅಗಲವಾಗಿ ತೆರೆದುಕೊಳ್ಳುತ್ತದೆ. ಹತ್ತಿರವೆಂದರೆ 80 ಸೆಂಟಿಮೀಟರಿಗಿಂತ ಹತ್ತಿರಕ್ಕೆ ಇದು ಹೋಗದು. ಕಿಂಡಿಯ ಅಗಲವನ್ನು ನಾವು ಗೊತ್ತುಮಾಡಬೇಕು. ಷಟರು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಒಳಗಿನ ವಿದ್ಯುನ್ಮಾನ ಮಂಡಲವು ತಾನೇ ಎಣಿಸುತ್ತದೆ. ಒಂದು ಸೆಕೆಂಡಿನ 500ನೆಯ ಒಂದು ಭಾಗದಿಂದ ಹಿಡಿದು 30 ಸೆಕೆಂಡುಗಳ ವರೆಗೂ ಅದರ ಎಣಿಕೆ ಸಾಗುತ್ತದೆ. ಬೆಳಕು ಮಿತಿಮೀರಿದರೆ ಕೆಂಪು ಬಾಣ ಬೆಳಗುತ್ತದೆ, ಕೈ ನಡುಗಿ ಚಿತ್ರ ಕದಡುವಷ್ಟು ನಿಧಾನವಾದರೆ ಹಳದಿ ಬಾಣ ಬೆಳಗುತ್ತದೆ.

ಇನ್ನು ಇದರ ಮುಖ್ಯ ಗುಣಕ್ಕೆ ಬರೋಣ. ಸ್ಟುಡಿಯೋಗಳಲ್ಲಿ ಕಾಣುವ ದೊಡ್ಡ ಕ್ಯಾಮೆರಾಗಳಲ್ಲಿ ಛಾಯಾಗ್ರಾಹಕನು ಲೆನ್ಸಿನ ಒಳಗಿಂದಲೇ ನೋಡುತ್ತಾನೆ. ರೇಂಜ್‌ಫೈಂಡರ್ ಎಂಬ ಈ ಜಾತಿಯಲ್ಲಿ ಹಾಗಿಲ್ಲ. ಮುಂಭಾಗದಲ್ಲಿ ಕೆಲವು ಸೆಂಟಿಮೀಟರು ಅಂತರದಲ್ಲಿ ಎರಡು ಕಿಟಕಿಗಳಿರುತ್ತವೆ. ಒಂದರಿಂದ ನಾವು ನೇರವಾಗಿ ನೋಡುತ್ತೇವೆ. ಇನ್ನೊಂದರಿಂದ ಬಂದ ನೋಟವು ಕನ್ನಡಿಯ ಮೂಲಕ ಹಾಯ್ದು, ಮೊದಲನೆಯ ನೋಟದ ನಟ್ಟನಡುವೆ ಒಂದು ಹಳದಿ ಚೌಕದಲ್ಲಿ ಮೂಡುತ್ತದೆ. ವಸ್ತು ಒಂದೇ ಆದರೂ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಆ ಎರಡು ನೆರಳುಗಳು ಒಂದನ್ನೊಂದು ಸಮೀಪಿಸಿ, ಒಂದು ಕ್ಷಣದಲ್ಲಿ ಕೂಡಿ ಏಕವಾಗುತ್ತವೆ. ಕೂಡಿದ ಆ ಸ್ಥಾನವೇ ವಸ್ತುವಿನ ಸರಿಯಾದ ದೂರ.

ಇದರ ಮರ್ಮ ಹೊಳೆಯ ದಂಡೆಯವರಿಗೆ ಬಲುಬೇಗ ತಿಳಿಯುವಂಥದು. ಎದುರು ದಂಡೆಗೆ ಹೋಗದೆ ಹೊಳೆಯ ಅಗಲವನ್ನು ಅಳೆಯುವುದು ಹೇಗೆ? ಆಚೆಯ ಒಂದು ಮರಕ್ಕೆ ನೇರವಾಗಿ ನಿಂತು ಒಂದು ಗೂಟ ನೆಡಬೇಕು. ಈಚೆಯ ದಂಡೆಯಲ್ಲಿಯೇ ಇಷ್ಟು ಮಾರು ಎಂದು ಅಳೆದು ನಡೆದು, ಅಲ್ಲಿಂದ ಅದೇ ಮರವನ್ನು ನೋಡಿ, ನೋಟ ಎಷ್ಟು ಓರೆಯಾಯಿತೆಂದು ಗುರುತಿಸಬೇಕು. ಮರ ಹತ್ತಿರವಿದ್ದರೆ ಓರೆ ಹೆಚ್ಚು, ದೂರವಿದ್ದರೆ ಕಡಿಮೆ. ನಡೆದ ದೂರವೂ ಓರೆಯ ಕೋನವೂ ತಿಳಿದರೆ ಹೊಳೆಯ ಅಗಲ ತಾನಾಗಿ ತಿಳಿಯುತ್ತದೆ. ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕವಿದು. ಕ್ಯಾಮೆರಾದ ಎರಡು ಕಿಟಕಿಗಳು ದಂಡೆಯ ಮೇಲಿನ ಎರಡು ನಿಲುಗಡೆಗಳು. ಒಳಗಿನ ಕನ್ನಡಿಯ ತಿರುವು ಆ ಓರೆಯ ಅಳತೆ. ಜರ್ಮನಿಯ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. ಈ ದೂರಮಾಪಕವನ್ನು ಲೆನ್ಸಿನೊಡನೆ ಜೋಡಿಸಿದ ಮಾದರಿ 1932ರಲ್ಲಿ ಬಂದಿತು. ಫ್ರಾನ್ಸಿನ ಹಾನ್ರಿ ಕಾರ್ತಿಯೆ ಬ್ರೆಸೋಂ ಅವರು 1948ರ ಜನವರಿಯಲ್ಲಿ ಮಹಾತ್ಮಾ ಗಾಂಧೀಜಿಯವರ ಕೊನೆಯ ದಿನಗಳ ಹಾಗೂ ಅವರ ಅಂತ್ಯಯಾತ್ರೆಯ ಚಿತ್ರಗಳನ್ನು ತೆಗೆದದ್ದು ಇದೇ ಜಾತಿಯ ಕೈಯಗಲದ ಕ್ಯಾಮೆರಾದಿಂದ.

ಹಳೆಯ ಯಂತ್ರವನ್ನು ಕೊಂಡವನು ಅದರ ಸ್ವಭಾವವನ್ನು ಅರಿಯದೆ ಮಹತ್ವದ ಕೆಲಸಕ್ಕೆ ಹೂಡಬಾರದು. ಹೊಸದಾಗಿ ಕೊಂಡ ಎತ್ತನ್ನು ನೇರವಾಗಿ ಬಿತ್ತನೆಗೆ ಕಟ್ಟುವ ರೈತನುಂಟೇ? ನನಗಿದ್ದದ್ದು ಹೋಳಿ ಹುಣ್ಣಿಮೆಯಿಂದ ಬಸವ ಜಯಂತಿಯ ವರೆಗಿನ ಒಂದೂವರೆ ತಿಂಗಳ ಅವಧಿ. ಎರಡು ರೋಲು ಕಪ್ಪುಬಿಳುಪು ಫಿಲ್ಮನ್ನು ಅಂಚೆಯ ಮೂಲಕ ತರಿಸಿದ್ದೆ. ಒಂದು ಪರೀಕ್ಷೆಗೆ, ಒಂದು ಮನೆಗೆ. ಉದಕಮಂಡಲದ ಸರಕಾರಿ ಕಾರ್ಖಾನೆಯ 'ಇಂದು' ಫಿಲ್ಮು ಪ್ರತಿ ಪೇಟೆಯಲ್ಲಿ ಸಿಗುತ್ತಿದ್ದ ಕಾಲ ಹಿಂದೆ ಸರಿದಿದೆ. ಈಗ ಒಂದೊಂದು ರೋಲೂ ತೂಕ ಮಾಡಿ ಬಳಸಬೇಕಾದ ವಸ್ತು.

ಮೊದಲ ತೊಡಕು ಸೆಲ್ಲಿನದು. ಈ ಕ್ಯಾಮೆರಾ ಹುಟ್ಟಿದ ಕಾಲದಲ್ಲಿ 5.6 ವೋಲ್ಟಿನ ಪಾದರಸದ ಸೆಲ್ಲುಗಳಿದ್ದವು. ಪಾದರಸವು ಮಣ್ಣು ನೀರುಗಳನ್ನು ಕೆಡಿಸುತ್ತದೆಂಬ ಕಾರಣದಿಂದ ಅವು ಬಳಕೆಯಿಂದ ಹೊರಟುಹೋದವು. ಸೆಲ್ಲಿಲ್ಲದಿದ್ದರೆ ಈ ಷಟರಿಗೆ ಎಣಿಕೆಯೇ ಬಾರದು. ಒಂದೇ ಅತಿವೇಗದಲ್ಲಿ ಮುಚ್ಚಿಕೊಳ್ಳುತ್ತದೆ. ಗಡಿಯಾರ ರಿಪೇರಿಯವರಲ್ಲಿ ಸಿಗುವ ಒಂದೂವರೆ ವೋಲ್ಟಿನ ನಾಲ್ಕು ಗುಂಡಿ ಸೆಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಕಾಗದದ ನಳಿಕೆಯಲ್ಲಿಟ್ಟು, ಉಳಿದ ಸ್ಥಳಕ್ಕೆ ಒಂದು ಸ್ಪ್ರಿಂಗು ಕೂಡಿಸಿದಾಗ ಹಸಿರು ದೀಪ ಹೊತ್ತಿತು. ವೋಲ್ಟಿನ ಅಲ್ಪ ಹೆಚ್ಚಳವನ್ನು ಇದರ ಮಂಡಲ ತಾಳಿಕೊಳ್ಳುತ್ತದೆ.

ಎರಡನೆಯದು ಬಾಗಿಲಿನ ಅಂಚಿನ ಮೆತ್ತೆ. ಹಿಂಬಾಗಿಲಿನ ಸಂದಿಯಿಂದ ಬೆಳಕು ನುಸುಳದಿರಲೆಂದು ಅಲ್ಲಿ ಕಪ್ಪು ಸ್ಪಂಜು ಹಚ್ಚಿರುತ್ತಾರೆ. ಐದು ದಶಕದಲ್ಲಿ ಅದು ಕರಗಿ ಕೀಲೆಣ್ಣೆಯಂತೆ ಬೆರಳಿಗೆ ಅಂಟುತ್ತಿತ್ತು. ಇದು ಮಾಡಿದವರ ಕೊರತೆಯಲ್ಲ, ಕಾಲದ ಧರ್ಮ. ಅದನ್ನೆಲ್ಲ ಒರೆಸಿ ತೆಗೆದು, ಆ ಗಾಡಿಯಲ್ಲಿ ಕಂಬಳಿಯ ಕರಿ ಉಣ್ಣೆಯ ನೂಲನ್ನು ಒತ್ತಾಗಿ ಕೂಡಿಸಿದೆ. ನಮ್ಮ ನೆಲದ ಕುರಿಯ ಉಣ್ಣೆ ಜಪಾನಿನ ಯಂತ್ರಕ್ಕೆ ಕತ್ತಲೆಯನ್ನು ಕಾಯ್ದುಕೊಟ್ಟಿತು.

ಮೂರನೆಯದು ಕಿವಿಯಿಂದ ತಿಳಿಯಬೇಕಾದ ಸಂಗತಿ. ಆರೋಗ್ಯವಾಗಿರುವ ಎಲೆಕ್ಟ್ರೋ ಕ್ಯಾಮೆರಾದ ಸನ್ನೆಯನ್ನು ಎಳೆದಾಗ ಒಳಗೆ 'ಟಕ್' ಎಂಬ ಒಂದು ಗಟ್ಟಿ ಸದ್ದಾಗುತ್ತದೆ. ಒಳಗಡೆ ಒಂದು ಸಣ್ಣ ರಬ್ಬರಿನ ಬಿಲ್ಲೆಯಿದೆ. ವಯಸ್ಸಾಗಿ ಅದು ಸವೆದರೆ ಆ ಸದ್ದು ನಿಂತುಹೋಗುತ್ತದೆ, ಷಟರಿನ ಎಣಿಕೆ ತಪ್ಪುತ್ತದೆ. ಈ ಕ್ಯಾಮೆರಾವನ್ನು ಬಲ್ಲವರು ಕಣ್ಣಿಗಿಂತ ಮೊದಲು ಕಿವಿಯಿಂದ ಅದನ್ನು ಪರೀಕ್ಷಿಸುವುದು ಇದಕ್ಕಾಗಿ. ನನ್ನದರಲ್ಲಿ ಆ ಸದ್ದು ಇದ್ದದ್ದು ಭಾಗ್ಯ.

ನಾಲ್ಕನೆಯದು ಎಲ್ಲಕ್ಕೂ ದೊಡ್ಡದು. ಎರಡು ನೆರಳುಗಳು ಕೂಡುವ ಸ್ಥಾನ ನಿಜವಾದ ದೂರವೇ ಹೌದೇ? ಇದನ್ನು ಅರಿಯಲು ಎರಡು ಪರೀಕ್ಷೆಗಳಿವೆ. ದೂರದ ಪರೀಕ್ಷೆಗೆ ಚಂದ್ರನಿಗಿಂತ ಉತ್ತಮ ಸಾಕ್ಷಿಯಿಲ್ಲ. ಹೋಳಿ ಹುಣ್ಣಿಮೆಯ ರಾತ್ರಿ ಅಕ್ಕೋಳದ ಹೊಳೆಯ ದಂಡೆಯಲ್ಲಿ ನಿಂತು, ಲೆನ್ಸಿನ ಬಳೆಯನ್ನು ಅನಂತದ ಗುರುತಿಗೆ ತಂದು ನೋಡಿದೆ. ಹಳದಿ ಚೌಕದಲ್ಲಿ ಇಬ್ಬರು ಚಂದ್ರರಿದ್ದರು. ಒಬ್ಬ ಇನ್ನೊಬ್ಬನ ಎಡಕ್ಕೆ ಕೊಂಚ ಸರಿದು ನಿಂತಿದ್ದ. ಹತ್ತಿರದ ಪರೀಕ್ಷೆಯನ್ನು ಮರುದಿನ ಪಡಸಾಲೆಯಲ್ಲಿ ಮಾಡಿದೆ. ಟೇಪಿನಿಂದ ಒಂದು, ಎರಡು, ಮೂರು ಮೀಟರುಗಳನ್ನು ಅಳೆದು ಗೆರೆ ಎಳೆದ ಮೇಲೆ, ಹಿಂಬಾಗಿಲು ತೆರೆದು, ಫಿಲ್ಮು ಕೂಡುವ ಜಾಗಕ್ಕೆ ಹಾಳೆಹಾಯುವ ಅರೆಪಾರದರ್ಶಕ ಕಾಗದವನ್ನು ಬಿಗಿದು, ಷಟರನ್ನು ತೆರೆದಿಟ್ಟು, ಅದರ ಮೇಲೆ ಮೂಡುವ ದೀಪದ ಬಿಂಬವನ್ನು ಭೂತಗನ್ನಡಿಯಿಂದ ಪರೀಕ್ಷಿಸಿದೆ. ಲೆನ್ಸು ಸತ್ಯ ನುಡಿಯುತ್ತಿತ್ತು. ತಪ್ಪಿದ್ದು ಕಿಟಕಿಯ ಕನ್ನಡಿ. ಎರಡು ಮೀಟರಿನಲ್ಲಿರುವ ದೀಪವನ್ನು ಅದು ಇನ್ನೂ ಸಮೀಪವೆಂದು ಹೇಳುತ್ತಿತ್ತು.

ಇಷ್ಟು ಸಣ್ಣ ತಪ್ಪು ಲೆಕ್ಕಕ್ಕೆ ಬರುವುದೇ ಎಂದು ಕೆಲವರು ಕೇಳಬಹುದು. ಕಿಂಡಿಯನ್ನು 11ರ ಅಂಕೆಗೆ ಕಿರಿದಾಗಿಸಿ ಮೂರು ಮೀಟರಿಗೆ ಗೊತ್ತುಪಡಿಸಿದರೆ, ಸುಮಾರು ಎರಡು ಮೀಟರಿನಿಂದ ಆರು ಮೀಟರಿನ ವರೆಗೂ ಚಿತ್ರ ಸ್ಫುಟವಾಗಿರುತ್ತದೆ. ಅಲ್ಲಿ ತಪ್ಪು ಅಡಗಿಹೋಗುತ್ತದೆ. ಬಯಲಿನ ಬೆಳಕಿನಲ್ಲಿ ಇದು ಸಾಧ್ಯ. ಮಣ್ಣಿನ ಮನೆಯ ಒಳಗತ್ತಲೆಯಲ್ಲಿ ಕಿಂಡಿಯನ್ನು ಪೂರ್ತಿ ತೆರೆಯಲೇಬೇಕು. ಆಗ ಒಂದು ಮೀಟರಿನಲ್ಲಿ ಕುಳಿತವರ ಮುಖದಲ್ಲಿ ಸ್ಫುಟವಾಗಿ ನಿಲ್ಲುವುದು ನಾಲ್ಕೈದು ಸೆಂಟಿಮೀಟರಿನ ಆಳ ಮಾತ್ರ. ಕಣ್ಣನ್ನು ನೆಚ್ಚಿ ತೆಗೆದರೆ ಕಿವಿಯ ಓಲೆ ಸ್ಫುಟವಾಗಿ, ಕಣ್ಣು ಮಂಜಾದೀತು. ಆಯಿಯವರ ಮುಖದ ಮಟ್ಟಿಗೆ ಅಂಥ ಅನುಮಾನ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೊಲ್ಲಾಪುರದ ಹಿರಿಯ ಕಾರಾಗಿರರೊಬ್ಬರು ಮೇಲಿನ ಹೊದಿಕೆಯನ್ನು ಬಿಚ್ಚಿ, ಕನ್ನಡಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಮೋಡ ಕವಿದ ಕಿಟಕಿಯ ಗಾಜನ್ನೂ ಒರೆಸಿಕೊಟ್ಟರು. ದವನದ ಹುಣ್ಣಿಮೆಯ ರಾತ್ರಿ ಮತ್ತೆ ದಂಡೆಗೆ ಹೋಗಿ ನೋಡಿದಾಗ ಚಂದ್ರ ಒಬ್ಬನೇ ಇದ್ದ.

ಪರೀಕ್ಷೆಯ ರೋಲು ಇನ್ನೂ ಕೆಲವು ಪಾಠಗಳನ್ನು ಕಲಿಸಿತು. ನೋಟದ ಕಿಟಕಿ ಬೇರೆ, ಲೆನ್ಸು ಬೇರೆಯಾದ್ದರಿಂದ ಲೆನ್ಸಿನ ಮುಚ್ಚಳ ಹಾಕಿಯೇ ಇದ್ದರೂ ಈ ಕ್ಯಾಮೆರಾ ಬಾಯಿ ಬಿಡದು. ಲೋಕವೆಲ್ಲ ಕಿಟಕಿಯಲ್ಲಿ ಚೆಲುವಾಗಿಯೇ ಕಾಣುತ್ತಿರುತ್ತದೆ. ಬೆಳಕನ್ನು ಅಳೆಯುವ ಕಣ್ಣೂ ಲೆನ್ಸಿನ ಹೊರಗಿದೆ, ಆದ್ದರಿಂದ ಅದೂ ಎಚ್ಚರಿಸದು. ಹಳದಿ ಗಾಜಿನ ಫಿಲ್ಟರು ತೊಡಿಸಿದರೆ ಫಿಲ್ಮಿನ ವೇಗದ ಅಂಕೆಯನ್ನು ನಾವೇ ತಗ್ಗಿಸಿಡಬೇಕು. ಹತ್ತಿರದ ವಸ್ತುವಿಗೆ ಕಿಟಕಿಯೊಳಗಿನ ಬೆಳಕಿನ ಚೌಕಟ್ಟು ತಾನೇ ಕೆಳಕ್ಕೆ ಬಲಕ್ಕೆ ಸರಿದು ಅಂಚನ್ನು ತೋರಿಸುತ್ತದೆ. ಆ ಸರಿಯುವಿಕೆಯನ್ನು ನಂಬಿ ನಡೆಯಬೇಕು. ಇವೆಲ್ಲ ಯಂತ್ರದ ಹಟಗಳೆಂದು ಬೇಸರಪಡುವ ಬದಲು, ಇದರ ಒಡನಾಟದ ನಿಯಮಗಳೆಂದು ತಿಳಿದರೆ ಕೆಲಸ ಸುಗಮ.

ಬಸವ ಜಯಂತಿಯ ಹಿಂದಿನ ದಿನ ಸೇತುವೆ ದಾಟಿ ಅಕ್ಕನ ಮನೆಗೆ ಹೋದೆ. ಕ್ಯಾಮೆರಾವನ್ನು ನೋಡಿದ ಆಯಿಯವರು ನಕ್ಕರು.

"ಭಾಳ ಹಳೇದ ಕಾಣತೈತಲ್ಲೊ ತಮ್ಮಾ. ನನ್ನಂಗ ಇದಕ್ಕೂ ಕಣ್ಣ ಮಂಜ ಆಗ್ಯಾವೇನು?"

"ಇಲ್ರಿ ಆಯಿ. ಮಂಜ ತಗಸೇನಿ. ಎರಡೂ ಕಣ್ಣ ಈಗ ಒಂದ ಕಡೆ ನೋಡತಾವ್ರಿ."

"ಹಂಗಾದರ ಇದ ನನಗಿಂತ ಚಲೋ ಐತಿ ತಗೋ."

ಮೂವತ್ತಾರು ಚಿತ್ರಗಳು. ಯಾವುದನ್ನು ತೆಗೆಯುವುದು, ಯಾವುದನ್ನು ಬಿಡುವುದು? ಪಟ್ಟಿಯನ್ನು ಆಯಿಯವರೇ ಹೇಳಿದರು. ನಾನು ಮುಂಬಾಗಿಲಿನ ಕೆತ್ತನೆಯನ್ನು ಮೊದಲು ನೆನೆದಿದ್ದೆ. ಅವರ ಪಟ್ಟಿಯಲ್ಲಿ ಅದು ಕಡೆಗಿತ್ತು. ಮೊದಲು ಒಳಕಲ್ಲು, ಅದರ ಬದಿಗೆ ಬೀಸುಕಲ್ಲು. ಎತ್ತು ಕಟ್ಟುತ್ತಿದ್ದ ಗ್ವಾದಲಿ. ಹಾಲುಮೊಸರಿನ ನೆಲುವು. ಸೊಸೆಯಂದಿರ ಬಾಣಂತನವಾದ ಕೋಣೆಯ ಮೂಲೆ. ಮಗ್ಗುಲ ಗೋಡೆಯಲ್ಲಿ 2019ರ ನೀರು ನಿಂತ ಕೆಸರುಗೆರೆ. "ಅದನ್ನೂ ತಗಿ. ಹೊಳಿ ನಮ್ಮ ಮನಿಗೆ ಬಂದಿತ್ತು ಅನ್ನೂದ ಮೊಮ್ಮಕ್ಕಳಿಗೆ ತಿಳೀಬೇಕು" ಎಂದರು. ಕಡೆಯದಾಗಿ ದೇವರ ಜಗಲಿಯ ಮುಂದೆ ತಾವು ಕುಳಿತುಕೊಳ್ಳುವ ಜಾಗ.

ಆ ಜಾಗಕ್ಕೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯೊಂದರಿಂದ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಗಿದು ಒತ್ತಿದಾಗ ಹಳದಿ ಬಾಣ ಬೆಳಗಿತು; ಎಣಿಕೆ ಸೆಕೆಂಡುಗಳ ಲೆಕ್ಕಕ್ಕೆ ಹೋಗುವುದೆಂಬುದು ಸ್ಪಷ್ಟವಿತ್ತು. ಒಂದು ಸೆಕೆಂಡನ್ನು ಮೀರಿದರೆ ಫಿಲ್ಮಿನ ಗ್ರಹಣಶಕ್ತಿ ಕುಂದುತ್ತದೆ, ಆದ್ದರಿಂದ 400ರ ವೇಗದ ಫಿಲ್ಮಿಗೆ ಅಂಕೆಯನ್ನು 200ಕ್ಕೆ ಇಳಿಸಿಟ್ಟೆ. "ಆಯಿ, ಉಸರ ಹಿಡದ ಕುಂಡ್ರಿ" ಎಂದೆ. "ಉಸರ ಯಾಕ ಹಿಡೀಲಿ, ಸುಮ್ಮನ ಕೂಡೂದ ನನಗ ರೂಢಿ ಐತಿ" ಎಂದು ಅವರು ಎದುರಿನ ಕಂಬವನ್ನು ನೋಡುತ್ತ ಕುಳಿತರು. ಈ ಕ್ಯಾಮೆರಾದ ಷಟರು ಲೆನ್ಸಿನ ಒಳಗಿರುವ ಎಲೆಗಳ ಜಾತಿಯದು. ಹತ್ತಿರ ಕುಳಿತವರಿಗೂ ಅದರ ಸದ್ದು ಕೇಳದು. ಮನೆಯೆಲ್ಲ ನಿಶ್ಶಬ್ದವಾಗಿದ್ದ ಆ ನಾಲ್ಕೈದು ಸೆಕೆಂಡುಗಳಲ್ಲಿ ಹಿತ್ತಲಿನಿಂದ ಓಡಿಬಂದ ಮೊಮ್ಮಗಳೊಬ್ಬಳು ಚೌಕಟ್ಟನ್ನು ಹಾಯ್ದು ಹೊರಟುಹೋದಳು. ಫಿಲ್ಮಿನಲ್ಲಿ ಉಳಿದದ್ದು ಅದೊಂದೇ ಚೌಕ. ಎರಡನೆಯ ಸಲ ತೆಗೆಯಲು ಅವಕಾಶವಿರಲಿಲ್ಲ.

ರೋಲು ತೊಳೆಯುವ ಕೆಲಸವನ್ನು ಅಕ್ಕೋಳದ ಮನೆಯಲ್ಲಿಯೇ ಮಾಡಿದೆ. ರಾಸಾಯನಿಕದ ನೀರು 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಪುಸ್ತಕ ಹೇಳುತ್ತದೆ. ವೈಶಾಖದ ನಮ್ಮ ನಲ್ಲಿಯ ನೀರು ಮೂವತ್ತಕ್ಕೆ ಸಮೀಪ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಮುಂಜಾವಿನಲ್ಲಿ 22 ಡಿಗ್ರಿಗೆ ಇಳಿದಿತ್ತು. ಬಿಸಿ ಎರಡು ಡಿಗ್ರಿ ಹೆಚ್ಚಾದಷ್ಟು ಸಮಯವನ್ನು ಕಡಿತಗೊಳಿಸಿದರಾಯಿತು. ಡಬ್ಬಿಯಿಂದ ತೆಗೆದ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಮೂವತ್ತಾರು ಚೌಕಗಳಲ್ಲಿ ಮೂವತ್ತನಾಲ್ಕು ಮೂಡಿದ್ದವು. ಎರಡರಲ್ಲಿ ಬಾಗಿಲಿನ ಬೆಳಕು ಹೆಚ್ಚಾಗಿ ಕೋಣೆ ಕತ್ತಲೆಯಾಗಿತ್ತು. ಜಗಲಿಯ ಚೌಕದಲ್ಲಿ ಕಂಬ ಸ್ಫುಟ, ಗೋಡೆ ಸ್ಫುಟ, ಆಯಿಯವರ ಮುಖದ ಒಂದೊಂದು ಗೆರೆಯೂ ಸ್ಫುಟ. ಅವರ ಮಗ್ಗುಲಲ್ಲಿ ಹೊಗೆಯ ಎಳೆಯಂಥ ಒಂದು ಬಿಳಿ ಪಟ್ಟೆ. ಅದೇ ಮೊಮ್ಮಗಳು.

ಮನೆ ಇಳಿಸಿ ಆಗಿ, ತೊಲೆಗಳು ಎತ್ತರದ ಜಾಗ ಸೇರಿದ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಕೊಟ್ಟೆ. ಆಯಿಯವರು ತಮ್ಮ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಬಿಳಿ ಪಟ್ಟೆಯ ಮೇಲೆ ಬೆರಳಿಟ್ಟು, "ಇಕಿ ಆಗಿಂದ ಹಂಗ, ಒಂದ ಕಡೆ ನಿಲ್ಲಂಗಿಲ್ಲ. ಮನಿನೂ ನಿಲ್ಲಲಿಲ್ಲ. ಫೋಟೋದಾಗ ಇಬ್ಬರೂ ಸಿಕ್ಕರು ನೋಡು" ಎಂದರು. ಚಿತ್ರವನ್ನು ಹೊಸ ಮನೆಯಲ್ಲಿ ಜಗಲಿಯ ಎದುರಿಗೆ ಕಟ್ಟಲಾಗಿದೆ. ನೆಗೆಟಿವ್‌ಗಳು ಮಾತ್ರ ಅಲ್ಲಿಲ್ಲ. ಹೊಳೆಯ ಈಚೆಗೆ, ಅಕ್ಕೋಳದಲ್ಲಿ, ನನ್ನ ಮನೆಯ ಅಟ್ಟದ ಮೇಲಿವೆ. ಒಂದು ದಂಡೆಗೆ ನೀರು ಬಂದರೆ ಇನ್ನೊಂದು ದಂಡೆಯಲ್ಲಿ ಉಳಿಯಲೆಂದು ಆಯಿಯವರೇ ಮಾಡಿದ ಏರ್ಪಾಡಿದು.

ನದಿಯ ದಂಡೆಯ ಕುಟುಂಬಗಳಿಗೆ ಉಪಯೋಗವಾದೀತೆಂದು ಕೆಲವು ಮಾತುಗಳನ್ನು ಸೇರಿಸುತ್ತೇನೆ. ನೀರಿನಲ್ಲಿ ನೆನೆದ ಭಾವಚಿತ್ರಗಳನ್ನು ಒಂದಕ್ಕೊಂದು ಅಂಟಿದಂತೆಯೇ ಒಣಗಲು ಬಿಡಬಾರದು. ಒಣಗಿದ ಮೇಲೆ ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. ಶುದ್ಧವಾದ ತಣ್ಣೀರಿನಲ್ಲಿಟ್ಟು ಮೆಲ್ಲನೆ ಬೇರ್ಪಡಿಸಿ, ಮುಖ ಮೇಲಾಗಿ ಬಟ್ಟೆಯ ಮೇಲೆ ಹರವಿ ನೆರಳಿನಲ್ಲಿ ಆರಿಸಬೇಕು. ಎರಡು ದಿನದೊಳಗೆ ಈ ಕೆಲಸ ಆಗಬೇಕು. ಗಾಜಿಗೆ ಅಂಟಿದ ಚಿತ್ರವನ್ನು ಎಳೆಯದೆ ಗಾಜಿನೊಡನೆಯೇ ನೀರಿನಲ್ಲಿ ನೆನೆಯಿಸಬೇಕು. ಹಳೆಯ ಲಗ್ನದ ನೆಗೆಟಿವ್‌ಗಳನ್ನು ಕಸವೆಂದು ಎಸೆಯಬಾರದು; ಅವುಗಳಿಂದ ಇಂದಿಗೂ ಹೊಸ ಚಿತ್ರ ಮಾಡಿಸಬಹುದು. ಮೊಬೈಲಿನಲ್ಲಿರುವ ಮುಖ್ಯ ಚಿತ್ರಗಳನ್ನು ಕಾಗದಕ್ಕೆ ಇಳಿಸಿ ಒಂದು ಪ್ರತಿಯನ್ನು ಬೇರೆ ಊರಿನ ಬಂಧುಗಳಲ್ಲಿ ಇಡಬೇಕು. ಎಲ್ಲಕ್ಕೂ ಮುಖ್ಯವಾಗಿ, ಪ್ರತಿ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆಯಬೇಕು. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ, ಮುಂದಿನ ಮಳೆಗಾಲಕ್ಕೆ ಮೊದಲು, ಅವರನ್ನು ನಡುವೆ ಕೂಡಿಸಿಕೊಂಡು ಆಗಬೇಕಾದ ಕೆಲಸವಿದು.